ಕಾಲರ್ ಮತ್ತು ಕೋಟಾ

ನಮ್ಮ ಮನೆಯ ಬೀರುವಿನ ಕೆಳಗಿನ ಖಾನೆಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇದೆ. ಅದರೊಳಗೆ ಹಳೆಯ ರೇಷನ್ ಕಾರ್ಡು, ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅಪ್ಪನ ಮರಣ ಪ್ರಮಾಣಪತ್ರ ಮತ್ತು ಒಂದು ಶರ್ಟಿನ ಕಾಲರ್ ಇವೆ. ಶರ್ಟಿಲ್ಲ, ಕಾಲರ್ ಮಾತ್ರ. ತಿಳಿನೀಲಿ ಬಣ್ಣದ ಹತ್ತಿ ಬಟ್ಟೆ, ಅಂಚಿಗೆ ಅದೇ ಬಣ್ಣದ ದಾರದ ಹೊಲಿಗೆ, ಎರಡು ತುದಿಗಳೂ ಸೂಜಿಯ ಮೊನೆಯಂತೆ ಚೂಪು. ಇದನ್ನು ಹೊಲಿದದ್ದು ಅಮ್ಮ. 2005ರ ಸೆಪ್ಟೆಂಬರ್‌ನಲ್ಲಿ ಅವಳ ಫ್ಯಾಕ್ಟರಿ ಬಾಗಿಲು ಹಾಕಿದ ದಿನ ಅವಳ ಟಿಫನ್ ಬ್ಯಾಗಿನಲ್ಲಿ ಬಂದ ಕಾಲರ್ ಇದು. ಹದಿಮೂರು ವರ್ಷ ದುಡಿದ ಜಾಗದಿಂದ ಅವಳ ಕೈಗೆ ಬಂದದ್ದು ಇಷ್ಟೇ.

ಅವಳು ಅಲ್ಲೇ ಉಳಿದುಕೊಂಡದ್ದು ನನ್ನ ಮಾತು ಕೇಳಿ ಎಂದು ನಾನು ಬಹಳ ವರ್ಷ ನಂಬಿದ್ದೆ. ಈ ಬರಹ ಅದರ ಬಗ್ಗೆ.

ನಮ್ಮದು ಲಗ್ಗೆರೆಯ ಒಂದು ವಠಾರ. ಅಮ್ಮ ಕನಕಪುರದ ಕಡೆಯ ಹಳ್ಳಿಯವಳು. ಅಪ್ಪ ತೀರಿಕೊಂಡ ವರ್ಷ, 1992ರಲ್ಲಿ, ಪೀಣ್ಯದ ಒಂದು ಸಣ್ಣ ಗಾರ್ಮೆಂಟ್ಸ್‌ಗೆ ಹೆಲ್ಪರ್ ಆಗಿ ಸೇರಿದಳು. ದಾರ ಕತ್ತರಿಸುವ ಕೆಲಸದಿಂದ ಶುರುವಾಗಿ ಎರಡು ವರ್ಷದಲ್ಲಿ ಮಿಷನ್ನಿನ ಮೇಲೆ ಕೂತಳು. ಆಮೇಲೆ ಅವಳನ್ನು ಕಾಲರ್‌ಗೇ ಹಾಕಿದರು. ಶರ್ಟಿನಲ್ಲಿ ಕಾಲರ್ ಹೊಲಿಯುವವರಿಗೆ ಸ್ವಲ್ಪ ಮರ್ಯಾದೆ ಜಾಸ್ತಿ. ಎರಡು ತುದಿಗಳಲ್ಲಿ ಒಂದು ದಾರದಷ್ಟು ಹೆಚ್ಚುಕಮ್ಮಿಯಾದರೂ ಚೆಕಿಂಗ್‌ನಿಂದ ಪೀಸು ವಾಪಸ್ ಬರುತ್ತದೆ.

ಮನೆಯಲ್ಲಿ ನಾನು ಚಿಕ್ಕವಳಿದ್ದಾಗ ಕೇಳಿದ ಮೊದಲ ಇಂಗ್ಲಿಷ್ ಪದಗಳಲ್ಲಿ ‘ಕೋಟಾ’ ಒಂದು. ‘ಈ ವಾರ ಓಟಿ ಕಣವ್ವ, ಕೋಟಾ ಮುಗಿಯೋದ್ರೊಳಗೆ ಮಾಲು ಹೋಗ್ಬೇಕಂತೆ’ ಎನ್ನುತ್ತಿದ್ದಳು. ಇನ್ನೊಂದು ತಿಂಗಳು ‘ಕೋಟಾ ಮುಗೀತಂತೆ, ಕೆಲಸ ಇಲ್ಲ’ ಎಂದು ಮಧ್ಯಾಹ್ನಕ್ಕೇ ಮನೆಗೆ ಬರುತ್ತಿದ್ದಳು. ಕೋಟಾ ಅಂದರೆ ಮಳೆಯ ಹಾಗೆ, ಬರುವಾಗ ಬರುತ್ತದೆ, ನಿಲ್ಲುವಾಗ ನಿಲ್ಲುತ್ತದೆ ಎಂದು ನಾನು ತಿಳಿದಿದ್ದೆ. ಅಮ್ಮನೂ ಹಾಗೇ ತಿಳಿದಿದ್ದಳು. ಅದನ್ನು ಯಾರೋ ಒಂದು ಮೇಜಿನ ಸುತ್ತ ಕೂತು ಮಾತಾಡಿ ಬರೆದಿಟ್ಟಿದ್ದಾರೆ ಎಂದು ನಮಗೆ ಗೊತ್ತಾಗುವ ದಾರಿ ಇರಲಿಲ್ಲ.

ನನಗೆ ಗೊತ್ತಾದದ್ದು 2003ರಲ್ಲಿ. ಬಿ.ಕಾಂ. ಮುಗಿಸಿ ಮೈಸೂರು ರಸ್ತೆಯ ಬದಿಯ ಇನ್ನೊಂದು ರಫ್ತು ಕಂಪನಿಯ ಡಾಕ್ಯುಮೆಂಟೇಷನ್ ವಿಭಾಗಕ್ಕೆ ಸೇರಿದೆ. ಅಮ್ಮನ ಕೈಯಲ್ಲಿ ಬಟ್ಟೆ, ನನ್ನ ಕೈಯಲ್ಲಿ ಅದರ ಕಾಗದ. ಇನ್‌ವಾಯ್ಸು, ಪ್ಯಾಕಿಂಗ್ ಲಿಸ್ಟು, ಶಿಪ್ಪಿಂಗ್ ಬಿಲ್ಲು. ಮೊದಲ ವಾರ ನಮ್ಮ ಸೀನಿಯರ್ ಒಂದು ಇನ್‌ವಾಯ್ಸ್ ತೋರಿಸಿ, ‘ಈ ಠಸ್ಸೆ ಇಲ್ಲದಿದ್ರೆ ಅಮೆರಿಕದ ಬಂದರಲ್ಲಿ ಪೆಟ್ಟಿಗೆ ಬಿಚ್ಚೋದೇ ಇಲ್ಲಮ್ಮಾ’ ಎಂದರು. ಅದು ದುಂಡಗಿನ ನೀಲಿ ಠಸ್ಸೆ. ಅದಕ್ಕೆ ವೀಸಾ ಎಂದೇ ಹೆಸರು. ಮನುಷ್ಯರಿಗೆ ಬೇಕಾದ ಹಾಗೆ ಶರ್ಟಿಗೂ ಅಮೆರಿಕಕ್ಕೆ ಹೋಗಲು ವೀಸಾ ಬೇಕಿತ್ತು. ಅದರ ಮೇಲೆ ವರ್ಷದ ಕೊನೆಯ ಅಂಕಿ, ಭಾರತದ ಸಂಕೇತಾಕ್ಷರ, ಆರಂಕಿಯ ಕ್ರಮಸಂಖ್ಯೆ. ಪಕ್ಕದಲ್ಲಿ ಸರಕಿನ ವರ್ಗ. 340 ಅಂದರೆ ಗಂಡಸರ, ಹುಡುಗರ ಹತ್ತಿ ಶರ್ಟು. 341 ಅಂದರೆ ಹೆಂಗಸರ ಬ್ಲೌಸು. ಅಮ್ಮನ ಕಾಲರ್‌ಗಳೆಲ್ಲ 340.

ಆವತ್ತು ಸಂಜೆ ಮನೆಗೆ ಹೋಗಿ ‘ಅಮ್ಮಾ, ನೀನು ಹೊಲಿಯೋದು ತ್ರೀ ಫಾರ್ಟಿ ಅಂತೆ’ ಎಂದೆ. ‘ಹೂಂ, ಬಂಡಲ್ ಚೀಟಿ ಮೇಲೆ ಬರ್ದಿರ್ತಾರೆ. ರೇಟು ಅಂದ್ಕೊಂಡಿದ್ದೆ’ ಎಂದಳು.

ಈ ಕೋಟಾದ ಕತೆ ಹಳೆಯದು. ಎರಡನೇ ಮಹಾಯುದ್ಧದ ನಂತರ ಜಪಾನಿನ ಅಗ್ಗದ ಹತ್ತಿ ಬಟ್ಟೆ ಅಮೆರಿಕದ ಮಾರುಕಟ್ಟೆಗೆ ಬರತೊಡಗಿತು. ಅಲ್ಲಿನ ಗಿರಣಿಗಳವರು ಗಲಾಟೆ ಎಬ್ಬಿಸಿದರು. 1957ರಲ್ಲಿ ಜಪಾನ್ ತಾನೇ ‘ಸ್ವಯಂಪ್ರೇರಿತವಾಗಿ’ ರಫ್ತಿಗೆ ಮಿತಿ ಹಾಕಿಕೊಳ್ಳುವುದಾಗಿ ಒಪ್ಪಿತು. ದೊಡ್ಡವರ ಎದುರು ಕೂತು ಮಾತಾಡುವಾಗ ‘ಸ್ವಯಂಪ್ರೇರಣೆ’ ಎಂಬ ಪದಕ್ಕೆ ಏನರ್ಥ ಎಂದು ಗಾರ್ಮೆಂಟ್ಸ್‌ನಲ್ಲಿ ಓಟಿ ಮಾಡಿದವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಒಂದು ದೇಶಕ್ಕೆ ತಡೆ ಹಾಕಿದರೆ ಇನ್ನೊಂದು ದೇಶದಿಂದ ಬಟ್ಟೆ ಬರುತ್ತಿತ್ತು. ಅದಕ್ಕಾಗಿ 1961ರಲ್ಲಿ ಅಲ್ಪಾವಧಿಯ ಒಂದು ಒಪ್ಪಂದ, 1962ರಲ್ಲಿ ದೀರ್ಘಾವಧಿಯ ಇನ್ನೊಂದು ಒಪ್ಪಂದ ಬಂದವು. ಅವು ಹತ್ತಿ ಬಟ್ಟೆಗೆ ಮಾತ್ರ. ಜನ ಪಾಲಿಯೆಸ್ಟರ್‌ಗೆ ಹೊರಳಿದಾಗ ಅದನ್ನೂ ಉಣ್ಣೆಯನ್ನೂ ಸೇರಿಸಿ 1974ರ ಜನವರಿ 1ರಿಂದ ಮಲ್ಟಿ ಫೈಬರ್ ಅರೇಂಜ್‌ಮೆಂಟ್ ಜಾರಿಗೆ ಬಂತು. ಬಡ ದೇಶಗಳಿಗೆ ವರ್ಷಕ್ಕೆ ಸಾಮಾನ್ಯವಾಗಿ ಶೇ. 6ರಷ್ಟು ಕೋಟಾ ಹೆಚ್ಚಿಸಬೇಕು ಎಂದು ಅದರಲ್ಲಿ ಬರೆದಿತ್ತು. 1977ರಲ್ಲಿ ನವೀಕರಿಸುವಾಗ, ಈ ಮಾತಿನಿಂದ ‘ಸಮಂಜಸವಾಗಿ’ ಹೊರಳಬಹುದು ಎಂಬ ಅವಕಾಶವನ್ನೂ ಸೇರಿಸಿಕೊಂಡರು. ತಾತ್ಕಾಲಿಕ ಎಂದು ಶುರುವಾದದ್ದು ಮತ್ತೆ ಮತ್ತೆ ನವೀಕರಣಗೊಂಡು ಇಪ್ಪತ್ತು ವರ್ಷ ನಡೆಯಿತು. ಸರಕು ಸರಕಿಗೆ, ದೇಶ ದೇಶಕ್ಕೆ ಬೇರೆ ಬೇರೆ ಮಾತುಕತೆ. ಉಳಿದ ಅನೇಕ ಸರಕುಗಳಿಗೆ ಮುಕ್ತ ವ್ಯಾಪಾರದ ನೀತಿ ಹೇಳುತ್ತಿದ್ದ ದೇಶಗಳು ಬಟ್ಟೆಗೆ ಬೇರೆ ನೀತಿ ಇಟ್ಟುಕೊಂಡಿದ್ದವು.

ಇನ್ನೂ ಹಿಂದಕ್ಕೆ ಹೋದರೆ ಇಂಗ್ಲೆಂಡು ಸಿಗುತ್ತದೆ. ನಮ್ಮ ಚಿತ್ತಾರದ ಹತ್ತಿ ಬಟ್ಟೆ ಅಲ್ಲಿನ ಹೆಂಗಸರಿಗೆ ಎಷ್ಟು ಹಿಡಿಸಿತ್ತೆಂದರೆ, 1719ರಲ್ಲಿ ಲಂಡನ್ನಿನ ನೇಕಾರರು ಬೀದಿಗಿಳಿದು ಅದನ್ನು ಉಟ್ಟ ಹೆಂಗಸರ ಮೈಮೇಲಿಂದಲೇ ಬಟ್ಟೆ ಹರಿದರು. 1721ರಲ್ಲಿ ಅದನ್ನು ತೊಡುವುದನ್ನೇ ನಿಷೇಧಿಸುವ ಕಾನೂನು ಬಂತು. ಇದನ್ನು ಮೊದಲ ಬಾರಿ ಓದಿದಾಗ ನನಗೆ ಸಿಟ್ಟು ಬಂದಿತ್ತು. ಆಮೇಲೆ ಆ ನೇಕಾರರ ಮನೆಯ ಒಲೆಯ ಬಗ್ಗೆಯೂ ಯೋಚನೆ ಬಂತು. ಬಟ್ಟೆಯ ವಿಷಯದಲ್ಲಿ ಒಂದು ಕಡೆಗೇ ಸಿಟ್ಟು ಮಾಡಿಕೊಂಡು ಕೂರುವುದು ಸುಲಭವಲ್ಲ.

ಕೊನೆಗೆ ಉರುಗ್ವೆ ಸುತ್ತಿನ ಮಾತುಕತೆಯಲ್ಲಿ ಕೋಟಾ ತೆಗೆಯುವುದೆಂದು ತೀರ್ಮಾನವಾಯಿತು. 1994ರ ಏಪ್ರಿಲ್‌ನಲ್ಲಿ ಮೊರಾಕ್ಕೊದ ಮರಾಕೆಶ್‌ನಲ್ಲಿ ಸಹಿ ಬಿತ್ತು. ಹತ್ತು ವರ್ಷದ ಗಡುವು. 1990ರ ಆಮದಿನ ಲೆಕ್ಕ ಇಟ್ಟುಕೊಂಡು 1995ರಲ್ಲಿ ಶೇ. 16, 1998ರಲ್ಲಿ ಶೇ. 17, 2002ರಲ್ಲಿ ಶೇ. 18, ಉಳಿದ ಶೇ. 49 2005ರ ಜನವರಿ 1ರಂದು ಒಂದೇ ಏಟಿಗೆ ಬಿಡುಗಡೆ. ಮೊದಲು ಯಾವುದನ್ನು ಬಿಡಬೇಕು ಎಂದು ಆರಿಸುವ ಹಕ್ಕು ಆಮದು ಮಾಡುವ ದೇಶದ್ದೇ. ಪಟ್ಟಿಯಲ್ಲಿ ಶರ್ಟು, ಪ್ಯಾಂಟಿನ ಜೊತೆ ಛತ್ರಿ, ಪ್ಯಾರಾಚೂಟ್, ಕಾರಿನ ಸೀಟ್ ಬೆಲ್ಟುಗಳೂ ಇದ್ದವು. ಹಾಗಾಗಿ ಅಮೆರಿಕ ಮೊದಲ ಹಂತದಲ್ಲಿ ಬಿಟ್ಟುಕೊಟ್ಟದ್ದೆಲ್ಲ ಕೋಟಾ ಇಲ್ಲದ ಸರಕುಗಳನ್ನೇ. ಕೊಟ್ಟ ಮಾತು ಉಳಿಯಿತು, ಕೊಟ್ಟದ್ದು ಮಾತ್ರ ಏನೂ ಇರಲಿಲ್ಲ. ಅಷ್ಟಲ್ಲದೆ ಗಡುವಿನ ಅವಧಿಯಲ್ಲೇ ಹೊಸ ತಡೆಗಳೂ ಬಂದವು. 1995ರಲ್ಲಿ ನಮ್ಮ ಉಣ್ಣೆ ಶರ್ಟು, ಬ್ಲೌಸುಗಳಿಗೆ ಅಮೆರಿಕ ಮಿತಿ ಹಾಕಿತು. ಭಾರತ ವಿಶ್ವ ವಾಣಿಜ್ಯ ಸಂಸ್ಥೆಗೆ ದೂರು ಕೊಟ್ಟು 1997ರಲ್ಲಿ ಗೆದ್ದಿತು. ತೀರ್ಪು ಬರುವ ಹೊತ್ತಿಗೆ ಅಮೆರಿಕ ಆ ಮಿತಿಯನ್ನು ತಾನೇ ತೆಗೆದಿತ್ತು. ಅಷ್ಟರಲ್ಲಿ ಒಂದು ವರ್ಷಕ್ಕೂ ಹೆಚ್ಚಿನ ವ್ಯಾಪಾರ ಕೈತಪ್ಪಿತ್ತು.

ನಾವೇನು ಬಾಗಿಲು ತೆರೆದಿಟ್ಟು ಕೂತಿರಲಿಲ್ಲ. ವಿದೇಶಿ ವಿನಿಮಯದ ಕೊರತೆಯ ಕಾರಣ ಕೊಟ್ಟು ಭಾರತವೂ ಉಡುಪು ಸೇರಿದಂತೆ ಬಳಕೆಯ ವಸ್ತುಗಳ ಆಮದಿಗೆ ದಶಕಗಳ ಕಾಲ ತಡೆ ಹಾಕಿತ್ತು. ಅದರ ವಿರುದ್ಧ ಅಮೆರಿಕ ದೂರು ಕೊಟ್ಟಿತು. 1999ರಲ್ಲಿ ನಾವು ಸೋತೆವು. ಉಳಿದಿದ್ದ ಕೊನೆಯ 715 ಸರಕುಗಳ ಮೇಲಿನ ತಡೆಯನ್ನು 2001ರ ಏಪ್ರಿಲ್ 1ರಂದು ತೆಗೆದೆವು.

2004ರ ಹೊತ್ತಿಗೆ ನಮ್ಮ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಜನವರಿಯ ಮಾತು. ಇನ್ನು ಠಸ್ಸೆ ಬೇಡ, ವರ್ಗ ಬೇಡ, ಕೋಟಾಕ್ಕಾಗಿ ಉಡುಪು ರಫ್ತು ಉತ್ತೇಜನ ಮಂಡಳಿಯ ಕಚೇರಿಗೆ ಓಡಾಟ ಬೇಡ. ಭಾರತದ ರಫ್ತು ಏರುತ್ತದೆ, ಬೆಂಗಳೂರಿಗೆ ಆರ್ಡರುಗಳು ಹರಿದು ಬರುತ್ತವೆ ಎಂದು ಪೇಪರುಗಳೂ ಬರೆಯುತ್ತಿದ್ದವು. ನಾನು ಅವನ್ನು ಕತ್ತರಿಸಿ ಫೈಲಿನಲ್ಲಿ ಇಡುತ್ತಿದ್ದೆ.

ಅದೇ ಅಕ್ಟೋಬರ್‌ನಲ್ಲಿ ತುಮಕೂರು ರಸ್ತೆಯ ಒಂದು ದೊಡ್ಡ ಫ್ಯಾಕ್ಟರಿಯವರು ಕಾಲರ್ ಟೈಲರ್‌ಗಳನ್ನು ಹುಡುಕುತ್ತಿದ್ದರು. ಅಮ್ಮನ ಲೈನಿನಿಂದ ಮೂವರು ಹೋದರು. ಅಮ್ಮನಿಗೂ ಕರೆ ಬಂತು. ರಾತ್ರಿ ಊಟಕ್ಕೆ ಕೂತಾಗ ಕೇಳಿದಳು: ‘ಏನವ್ವಾ ಮಾಡ್ಲಿ? ನೀನು ಓದಿರೋಳು, ಆಫೀಸಲ್ಲಿ ಕೂತಿರೋಳು. ಹೋಗ್ಲಾ, ಇಲ್ಲೇ ಇರ್ಲಾ?’

ನಾನು ತಟ್ಟೆಯಿಂದ ಕೈ ಎತ್ತಿ ಒಂದು ಭಾಷಣವನ್ನೇ ಮಾಡಿದೆ. ಜನವರಿಯಿಂದ ಕೋಟಾ ಇರಲ್ಲ, ನಿಮ್ಮ ಫ್ಯಾಕ್ಟರಿಯಂಥ ಸಣ್ಣವರಿಗೂ ಬೇಕಾದಷ್ಟು ಆರ್ಡರ್ ಬರತ್ತೆ, ಈಗ ಬಿಟ್ಟರೆ ಹನ್ನೆರಡು ವರ್ಷದ ಸರ್ವಿಸು ಹಾಳಾಗತ್ತೆ, ಗ್ರ್ಯಾಚುಟಿ ಹೋಗತ್ತೆ, ಸುಮ್ಮನೆ ಇರು ಎಂದೆ. ಅಮ್ಮ ಮಜ್ಜಿಗೆ ಬಡಿಸುತ್ತಾ ‘ಆಯ್ತು’ ಎಂದಳು.

ಆ ಭಾಷಣದಲ್ಲಿ ಎರಡು ತಪ್ಪುಗಳಿದ್ದವು. ಒಂದು ಕಾನೂನಿನದು. ಐದು ವರ್ಷ ಸತತ ಸೇವೆ ಮಾಡಿದವರು ತಾವಾಗಿ ರಾಜೀನಾಮೆ ಕೊಟ್ಟರೂ ಗ್ರ್ಯಾಚುಟಿ ಸಿಗಬೇಕು. ಆಗ ಬಿಟ್ಟಿದ್ದರೆ ಹನ್ನೆರಡು ವರ್ಷದ ಹಣವನ್ನು ಅವಳು ಹಕ್ಕಿನಿಂದ ಕೇಳಬಹುದಿತ್ತು, ಕೊಡಲು ಮಾಲೀಕರೂ ಜಾಗದಲ್ಲೇ ಇದ್ದರು. ಬಿ.ಕಾಂ. ಓದಿದ ನನಗೆ ಇದು ತಿಳಿದಿರಲಿಲ್ಲ.

ಎರಡನೆಯದು ಕೋಟಾದ್ದು. ಅದು ನನ್ನ ಕಣ್ಣೆದುರೇ ಇತ್ತು. ಅಮ್ಮನ ಫ್ಯಾಕ್ಟರಿಯ ಮಾಲೀಕರ ಹತ್ತಿರ ನೂರೈವತ್ತು ಮಿಷನ್ನುಗಳಿಗಿಂತ ಬೆಲೆಬಾಳುವ ಇನ್ನೊಂದು ಆಸ್ತಿ ಇತ್ತು. ಅವರು ಹಿಂದಿನ ವರ್ಷಗಳಲ್ಲಿ ಮಾಡಿದ ರಫ್ತಿನ ಆಧಾರದ ಮೇಲೆ ಪ್ರತಿ ವರ್ಷ ಸಿಗುತ್ತಿದ್ದ ಕೋಟಾ. ಕೋಟಾ ಇಲ್ಲದವನು ಎಷ್ಟೇ ಚೆನ್ನಾಗಿ ಹೊಲಿದರೂ ಅಮೆರಿಕಕ್ಕೆ 340 ಕಳಿಸುವಂತಿರಲಿಲ್ಲ. ಹಾಗಾಗಿ ಕೋಟಾ ಇದ್ದವರ ಮನೆ ಬಾಗಿಲಿಗೆ ಆರ್ಡರು ಬರುತ್ತಿತ್ತು. ತಾವು ಹೊಲಿಯಲಾಗದಷ್ಟು ಕೋಟಾ ಇದ್ದರೆ ಬೇರೆಯವರಿಗೆ ವರ್ಗಾಯಿಸಿ, ಪೀಸಿಗೆ ಇಷ್ಟು ಎಂದು ಹಣ ಪಡೆಯುತ್ತಿದ್ದರು. ಇಂಥ ವರ್ಗಾವಣೆಯ ಪತ್ರಗಳನ್ನು ನಾನೇ ಟೈಪ್ ಮಾಡಿದ್ದೇನೆ. ದೇಶಗಳ ಮಟ್ಟದಲ್ಲೂ ಇದೇ ಕತೆ. ಒಂದು ದೇಶದ ಕೋಟಾ ತುಂಬಿತೆಂದರೆ ಖರೀದಿದಾರರು ಇನ್ನೊಂದು ದೇಶಕ್ಕೆ ಹೋಗಲೇಬೇಕಿತ್ತು. ಹಾಗಾಗಿ ಆರ್ಡರುಗಳು ಚೂರುಚೂರಾಗಿ ಹತ್ತಾರು ದೇಶಗಳ ನೂರಾರು ಸಣ್ಣ ಫ್ಯಾಕ್ಟರಿಗಳಿಗೆ ಹಂಚಿಹೋಗುತ್ತಿದ್ದವು.

ನಮ್ಮನ್ನು ಹೊರಗಿಡಲು ಅವರು ಕಟ್ಟಿದ ಗೋಡೆಯ ನೆರಳಲ್ಲೇ ಅಮ್ಮನ ಫ್ಯಾಕ್ಟರಿ ಬದುಕಿತ್ತು. ಗೋಡೆ ಬಿದ್ದ ಮೇಲೆ ಖರೀದಿದಾರ ಕೇಳಿದ್ದು ಬೇರೆಯೇ ಪ್ರಶ್ನೆ: ಒಂದೇ ಕಡೆ ಎಷ್ಟು ಲಕ್ಷ ಪೀಸು ಕೊಡುತ್ತೀರಿ, ಎಷ್ಟು ಕಡಿಮೆಗೆ, ಎಷ್ಟು ಬೇಗ? ಬೆಂಗಳೂರಿಗೆ ಆರ್ಡರುಗಳು ನಿಜವಾಗಿಯೂ ಬಂದವು. ಅವು ಹೋದದ್ದು ದೊಡ್ಡ ಫ್ಯಾಕ್ಟರಿಗಳಿಗೆ.

2005ರ ಮಾರ್ಚಿನಲ್ಲಿ ಅಮ್ಮನ ಲೈನು ಎರಡರಿಂದ ಒಂದಾಯಿತು. ಜೂನಿನಲ್ಲಿ ಸಂಬಳ ತಡವಾಯಿತು. ಸೆಪ್ಟೆಂಬರ್‌ನಲ್ಲಿ ಒಂದು ಭಾನುವಾರ ರಾತ್ರಿ ಮಿಷನ್ನುಗಳು ಲಾರಿ ಹತ್ತಿದವಂತೆ. ಸೋಮವಾರ ಹೋದಾಗ ಮಹಡಿಯ ಮೇಲೆ ಕಟಿಂಗ್ ಟೇಬಲ್ಲು, ಕೆಳಗೆ ಬಿದ್ದ ಚೂರು ಬಟ್ಟೆ, ಅರ್ಧ ಹೊಲಿದ ಬಂಡಲ್ಲುಗಳು ಮಾತ್ರ ಇದ್ದವು. ಎರಡು ತಿಂಗಳ ಸಂಬಳ ಬಾಕಿ. ಕೆಲವರು ದೂರು ಕೊಟ್ಟರು. ಕಂಪನಿ ಆ ಹೆಸರಿನಲ್ಲಿ ಆಗಲೇ ಇರಲಿಲ್ಲ. ಅಮ್ಮ ತಾನು ಶನಿವಾರ ಹೊಲಿದ ಬಂಡಲ್ಲನ್ನು ಗುರುತು ಹಿಡಿದು ಒಂದು ಕಾಲರ್ ಎತ್ತಿಕೊಂಡು ಬಂದಳು.

ಅದೇ ದಿನಗಳಲ್ಲಿ ನಾನು ಆಫೀಸಿನಲ್ಲಿ ಕೂತು ಇನ್ನೊಂದು ಸುದ್ದಿ ಓದುತ್ತಿದ್ದೆ. ಕೋಟಾ ಹೋದ ಕೂಡಲೇ ಚೀನಾದ ಬಟ್ಟೆ ಯುರೋಪಿಗೆ ನುಗ್ಗಿತ್ತು. ಜೂನ್ 10ರಂದು ಶಾಂಘೈನಲ್ಲಿ ಯುರೋಪಿನ ವಾಣಿಜ್ಯ ಆಯುಕ್ತ ಪೀಟರ್ ಮ್ಯಾಂಡಲ್‌ಸನ್ ಮತ್ತು ಚೀನಾದ ವಾಣಿಜ್ಯ ಸಚಿವ ಬೊ ಶಿಲಾಯ್ ಕೂತು, ಹತ್ತು ಬಗೆಯ ಸರಕುಗಳಿಗೆ 2007ರವರೆಗೆ ಮತ್ತೆ ಮಿತಿ ಹಾಕುವ ಒಪ್ಪಂದ ಮಾಡಿಕೊಂಡರು. ಯುರೋಪಿನ ಅಂಗಡಿಯವರು ಆಗಲೇ ಆರ್ಡರ್ ಕೊಟ್ಟಾಗಿತ್ತು. ಕೆಲವೇ ವಾರಗಳಲ್ಲಿ ಮಿತಿ ತುಂಬಿಹೋಯಿತು. ಸ್ವೆಟರು, ಪ್ಯಾಂಟು, ಬ್ರಾ ಎಲ್ಲ ಸೇರಿ ಏಳೆಂಟು ಕೋಟಿ ಉಡುಪುಗಳು ಬಂದರುಗಳಲ್ಲಿ ಸಿಕ್ಕಿಹಾಕಿಕೊಂಡವು. ಇಂಗ್ಲಿಷ್ ಪತ್ರಿಕೆಗಳು ಇದನ್ನು ‘ಬ್ರಾ ಯುದ್ಧ’ ಎಂದು ಕರೆದು ನಕ್ಕವು. ಸೆಪ್ಟೆಂಬರ್ 5ರಂದು ಬೀಜಿಂಗ್‌ನಲ್ಲಿ ಮತ್ತೆ ಮಾತುಕತೆ. ಸಿಕ್ಕಿಬಿದ್ದ ಸರಕಿನ ಅರ್ಧವನ್ನು ಯುರೋಪು ಹಾಗೆಯೇ ಬಿಡುವುದು, ಉಳಿದರ್ಧವನ್ನು ಮುಂದಿನ ವರ್ಷದ ಲೆಕ್ಕಕ್ಕೆ ಹಾಕುವುದು ಎಂದು ತೀರ್ಮಾನವಾಯಿತು. ನವೆಂಬರ್‌ನಲ್ಲಿ ಅಮೆರಿಕವೂ ಚೀನಾದ ಜೊತೆ ಇಂಥದೇ ಒಪ್ಪಂದ ಮಾಡಿಕೊಂಡಿತು.

ನನಗೆ ಈಗಲೂ ಕಾಡುವುದು ಆ ಮಾತುಕತೆಯ ವೇಗ. ಗೋದಾಮಿನಲ್ಲಿ ಸ್ವೆಟರುಗಳು ಸಿಕ್ಕಿಬಿದ್ದರೆ ಇಬ್ಬರು ಸಚಿವರ ಮಟ್ಟದವರು ವಿಮಾನ ಹತ್ತಿ ಬಂದು ಕೂತು ಪರಿಹಾರ ಹುಡುಕಿದರು. ಪೀಣ್ಯದಲ್ಲಿ ಸಿಕ್ಕಿಬಿದ್ದ ನೂರೈವತ್ತು ಹೆಂಗಸರಿಗೆ ಬೀಗ ಹಾಕಿದ ಗೇಟಿನ ಮುಂದೆ ನಿಂತು ಮಾತಾಡಲು ಎದುರಿಗೆ ಯಾರೂ ಇರಲಿಲ್ಲ.

ಅಮ್ಮ ಒಂದು ತಿಂಗಳು ಮನೆಯಲ್ಲಿದ್ದು, ಹಿಂದಿನ ವರ್ಷ ಕರೆದಿದ್ದ ಅದೇ ದೊಡ್ಡ ಫ್ಯಾಕ್ಟರಿಗೆ ಹೊಸಬಳಾಗಿ ಸೇರಿದಳು. ಸರ್ವಿಸ್ ಸೊನ್ನೆಯಿಂದ ಶುರು. ಅವಳಿಗಿಂತ ಒಂದು ವರ್ಷ ಮೊದಲು ಹೋದವರು ಸೀನಿಯರ್‌ಗಳಾಗಿದ್ದರು. ಅಲ್ಲಿ ಗಂಟೆ ಗಂಟೆಗೆ ಬೋರ್ಡಿನ ಮೇಲೆ ಟಾರ್ಗೆಟ್ ಬರೆಯುತ್ತಿದ್ದರು. ‘ಅಲ್ಲಿ ಕೋಟಾ ಅಂತಿದ್ರು, ಇಲ್ಲಿ ಟಾರ್ಗೆಟ್ ಅಂತಾರೆ’ ಎಂದಳು ಒಮ್ಮೆ. ನನ್ನನ್ನು ಒಂದು ದಿನವೂ ದೂರಲಿಲ್ಲ. ದೂರಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ನನ್ನ ಸೋದರಮಾವ ಊರಿನಲ್ಲೇ ಇದ್ದಾರೆ. ಒಂದೂವರೆ ಎಕರೆಯಲ್ಲಿ ಹಿಪ್ಪುನೇರಳೆ ಹಾಕಿ ರೇಷ್ಮೆ ಸಾಕುತ್ತಾರೆ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದರು. ನೂಲು ತುಟ್ಟಿ ಎಂದು ನೇಕಾರರು ಕೇಳಿಕೊಂಡಿದ್ದರು. ಅವರ ಕಷ್ಟವೂ ಸುಳ್ಳಲ್ಲ. ಚೀನಾದ ಅಗ್ಗದ ನೂಲಿಗೆ ದಾರಿಯಾಯಿತು, ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಕುಸಿಯಿತು. ಆ ವರ್ಷ ಮಾವನಿಗೆ ಒಂದು ಬೆಳೆಯಲ್ಲಿ ಮೊಟ್ಟೆಗೆ, ಸೊಪ್ಪಿಗೆ, ಕೂಲಿಗೆ ಹಾಕಿದ ಖರ್ಚೂ ಹುಟ್ಟಲಿಲ್ಲ. ಹರಾಜಿನಲ್ಲಿ ಕೂಗಿದ ಬೆಲೆ ಕೇಳಿ, ಗೂಡು ಕೊಟ್ಟು, ಅಲ್ಲಿಂದ ನೇರ ನಮ್ಮ ಮನೆಗೆ ಬಂದು ಕೂತರು.

‘ಚೀನಾದೋರ ನೂಲು ಬಿಡಬಾರ್ದು ಕಣಕ್ಕ. ಬಾಗಿಲು ಹಾಕ್ಬೇಕು ಸರ್ಕಾರ’ ಎಂದರು.

ಅಮ್ಮ ಅಕ್ಕಿ ಆರಿಸುತ್ತಿದ್ದಳು. ‘ಅಮೆರಿಕದೋರು ನಮ್ಮ ಶರ್ಟಿಗೆ ಬಾಗಿಲು ಹಾಕಿದ್ರೆ ಅನ್ಯಾಯ ಅಂತ ನಮ್ಮ ಮಗಳು ಹೇಳ್ತಾಳೆ. ಚೀನಾದೋರ ನೂಲಿಗೆ ನಾವು ಹಾಕಿದ್ರೆ ನ್ಯಾಯವೇನಪ್ಪಾ?’

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವ್ರು ಬಾಗಿಲು ಹಾಕಿದ್ದಾಗಲೇ ಅಲ್ವೇನಕ್ಕ ನಿಂಗೆ ಕೆಲಸ ಇದ್ದದ್ದು?’ ಎಂದರು.

ನಾನು ಆಫೀಸಿನಲ್ಲಿ ವರ್ಷಗಟ್ಟಲೆ ಕೂತು ಅರ್ಥಮಾಡಿಕೊಂಡದ್ದನ್ನು ಅವರು ಒಂದು ಸಾಲಿನಲ್ಲಿ ಹೇಳಿದ್ದರು. ಅಮ್ಮ ಅಕ್ಕಿ ಆರಿಸುವುದು ನಿಲ್ಲಿಸಿ ತಮ್ಮನಿಗೆ ಕಾಫಿ ಮಾಡಲು ಎದ್ದಳು. 2013ರಲ್ಲಿ ಆ ಸುಂಕವನ್ನು ಮತ್ತೆ ಶೇ. 15ಕ್ಕೆ ಏರಿಸಿದರು. ಅಷ್ಟರಲ್ಲಿ ಮಾವ ಅರ್ಧ ತೋಟ ಕಿತ್ತು ತೆಂಗು ಹಾಕಿಯಾಗಿತ್ತು. ಸುಂಕ ಇಳಿಸಲು ಒಂದು ಬಜೆಟ್ ಭಾಷಣ ಸಾಕು, ಕಿತ್ತ ಹಿಪ್ಪುನೇರಳೆ ಮತ್ತೆ ಹಾಗೆ ಚಿಗುರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಅಮ್ಮನನ್ನು ಒಂದು ಮಾಲ್‌ಗೆ ಕರೆದುಕೊಂಡು ಹೋಗಿದ್ದೆ. ಗಂಡಸರ ಶರ್ಟುಗಳ ಸಾಲಿನಲ್ಲಿ ನಿಂತು ಒಂದು ಶರ್ಟಿನ ಕಾಲರ್ ತಿರುಗಿಸಿ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಎರಡೂ ತುದಿಗಳನ್ನು ಒಂದರ ಮೇಲೊಂದಿಟ್ಟು ಅಳೆದಳು. ‘ಈ ಹುಡುಗಿ ಕೈ ಚೆನ್ನಾಗೈತೆ’ ಎಂದಳು. ಚೀಟಿ ನೋಡಿದೆ, ಬಾಂಗ್ಲಾದೇಶದ್ದು. ಹೇಳಿದಾಗ ‘ಅವ್ರಿಗೂ ಟಾರ್ಗೆಟ್ ಇರ್ತದೆ ಪಾಪ’ ಎಂದಳಷ್ಟೆ. 2025ರ ಮೇ 17ರಂದು ನಮ್ಮ ಸರ್ಕಾರ ಬಾಂಗ್ಲಾದೇಶದ ಸಿದ್ಧ ಉಡುಪು ರಸ್ತೆಯ ಗಡಿಗಳಿಂದ ಒಳಬರುವಂತಿಲ್ಲ, ನ್ಹಾವಾ ಶೇವಾ ಮತ್ತು ಕೋಲ್ಕತ್ತಾ ಬಂದರುಗಳಿಂದ ಮಾತ್ರ ಬರಬೇಕು ಎಂದು ಆದೇಶಿಸಿದಾಗ ನನಗೆ ಆ ಕಾಲರ್ ನೆನಪಾಯಿತು. ಆ ಹುಡುಗಿಯೂ ಮನೆಗೆ ಹೋಗಿ ‘ಇಂಡಿಯಾದೋರು ಏನೋ ಮಾಡಿದಾರಂತೆ, ಕೆಲಸ ಕಡಿಮೆ’ ಎಂದಿರಬಹುದು.

ಈ ಕತೆಯಲ್ಲಿ ಹೊಲಿಯುವವರು ಯಾವ ಮೇಜಿಗೂ ಬರಲಿಲ್ಲ ಎಂದೆ. ಒಮ್ಮೆ ಬಂದರು, ಮೇಜಿಗಲ್ಲ, ರಸ್ತೆಗೆ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂದು 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ರಸ್ತೆಗಿಳಿದರು. ಹೊಸೂರು ರಸ್ತೆ, ತುಮಕೂರು ರಸ್ತೆ ನಿಂತುಹೋದವು. ಕಲ್ಲು, ಲಾಠಿ, ಬೆಂಕಿ ಎಲ್ಲವೂ ಆಯಿತು, ಅದರಲ್ಲಿ ಹೆಮ್ಮೆಪಡುವಂಥದ್ದಿಲ್ಲ. 19ರಂದೇ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಅಮ್ಮ ಸಂಜೆ ಕಾಲು ನೋಯಿಸಿಕೊಂಡು ನಡೆದೇ ಮನೆಗೆ ಬಂದಳು. ‘ಅಷ್ಟು ಹೆಂಗಸರು ಇದೀವಿ ಅಂತ ನಂಗೇ ಗೊತ್ತಿರ್ಲಿಲ್ಲ ಕಣೇ’ ಎಂದಳು. ಅವಳು ಬಾಕಿ ಸಂಬಳ ಕೇಳಲು ಬೀಗ ಹಾಕಿದ ಗೇಟಿನ ಮುಂದೆ ನಿಂತು ಆಗ ಹನ್ನೊಂದನೇ ವರ್ಷ.

ಅದೇ ರಾತ್ರಿ ನಾನು ಕೊನೆಗೂ ಕೇಳಿದೆ. ‘ಆವತ್ತು ನನ್ನ ಮಾತು ಕೇಳದೆ ಹೋಗಿದ್ದಿದ್ರೆ ಚೆನ್ನಾಗಿತ್ತಲ್ವಾ ಅಮ್ಮ?’

ಅವಳು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡಿದ್ದಳು. ‘ನೀನು ಹೇಳಿದ್ದಕ್ಕೆ ನಿಂತೆ ಅಂದ್ಕೊಂಡಿದೀಯಾ? ಪಕ್ಕದ ಮಿಷನ್ನಿನೋಳು ಬಸುರಿ. ಸೂಪರ್‌ವೈಸರ್ ಬೈದಾಗೆಲ್ಲ ನಾನೇ ಅವಳ ಬಂಡಲ್ ಎಳ್ಕೊಂಡು ಹೊಲೀತಿದ್ದೆ. ಬಿಟ್ಟೋಗಕ್ಕೆ ಮನಸ್ಸಾಗ್ಲಿಲ್ಲ.’

ಇದು ನಿಜವೋ, ಮಗಳ ಎದೆಯ ಭಾರ ಇಳಿಸಲು ಹನ್ನೆರಡು ವರ್ಷದ ಮೇಲೆ ಅಮ್ಮ ಹೊಲಿದ ಇನ್ನೊಂದು ಅಚ್ಚುಕಟ್ಟಾದ ಹೊಲಿಗೆಯೋ, ನನಗೆ ತಿಳಿದಿಲ್ಲ. ಮತ್ತೆ ಕೇಳಿಲ್ಲ.

ನಾನೀಗ ರಫ್ತಿನ ಕೆಲಸ ಬಿಟ್ಟು ಒಂದು ಪಿ.ಯು. ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಹೇಳುತ್ತೇನೆ. 2025ರ ಆಗಸ್ಟ್ 27ರಿಂದ ಭಾರತದ ಬಹುಪಾಲು ಸರಕುಗಳ ಮೇಲೆ ಅಮೆರಿಕ ಹೇರಿದ ಹೆಚ್ಚುವರಿ ಸುಂಕ ಶೇ. 50 ಆಯಿತು. ಪಾಠದಲ್ಲಿ ಇದನ್ನು ವಿವರಿಸುವುದು ಸುಲಭ. ಕೋಟಾ ಎಂದರೆ ಇಷ್ಟೇ ಪೀಸು ಎಂದು ಲೆಕ್ಕ ಹಾಕಿ ಬಾಗಿಲು ಮುಚ್ಚುವುದು, ಸುಂಕ ಎಂದರೆ ಬಾಗಿಲಲ್ಲಿ ಕೂತು ಹಣ ಕೇಳುವುದು. ಕೋಟಾದ ಲಾಭ ಕೋಟಾದ ಕಾಗದ ಇದ್ದವನಿಗೆ, ಸುಂಕದ ಹಣ ಸರ್ಕಾರದ ಬೊಕ್ಕಸಕ್ಕೆ. ಹುಡುಗರು ಬರೆದುಕೊಳ್ಳುತ್ತಾರೆ.

ಸೆಪ್ಟೆಂಬರ್‌ನ ಒಂದು ಸಂಜೆ ನಮ್ಮ ವಠಾರದ ಕೊನೆಯ ಮನೆಯ ಹುಡುಗಿ ಬಂದಳು. ಇಪ್ಪತ್ತಮೂರು ವರ್ಷ, ರಾಯಚೂರಿನ ಕಡೆಯವಳು, ಗಾರ್ಮೆಂಟ್ಸ್‌ನಲ್ಲಿ ತೋಳು ಜೋಡಿಸುವ ಕೆಲಸ. ‘ಓಟಿ ನಿಂತೈತ್ರಿ ಅಕ್ಕಾರ. ಒಂದು ಲೈನು ಬಂದ್ ಮಾಡ್ಯಾರ. ಅಮೆರಿಕಾದ ಆರ್ಡರ್ ಬರವಲ್ಲವಂತ. ನಾನು ಬ್ಯಾರೆ ಕಡೆ ನೋಡ್ಲೋ, ಇಲ್ಲೇ ಇರ್ಲೋ? ನೀವು ಕಾಲೇಜಿನಾಗ ಹೇಳೋರು, ನಿಮಗ ಗೊತ್ತಿರ್ತದ’ ಎಂದಳು.

ಅಮ್ಮ ಒಳಗಿನಿಂದ ಬಂದು ಬಾಗಿಲ ಹತ್ತಿರ ನಿಂತಳು.

ನನ್ನ ಬಾಯಿಗೆ ಬಂದ ಮೊದಲ ವಾಕ್ಯವನ್ನು ನುಂಗಿಕೊಂಡೆ. ‘ನನಗೂ ಗೊತ್ತಿಲ್ಲಮ್ಮಾ. ದೆಹಲಿಯವರು, ವಾಷಿಂಗ್ಟನ್‌ನವರು ಏನು ಮಾತಾಡಿಕೊಳ್ತಾರೋ ಹೇಳೋಕಾಗಲ್ಲ. ಕೂತ್ಕೋ’ ಎಂದೆ. ಆಮೇಲೆ ಕೇಳುತ್ತಾ ಹೋದೆ. ನಿಮ್ಮ ಫ್ಯಾಕ್ಟರಿ ಹೊಲಿಯುವುದೆಲ್ಲ ಅಮೆರಿಕಕ್ಕೋ, ಯುರೋಪಿನ ಮಾಲೂ ಇದೆಯೋ? ಸಂಬಳ ಯಾವ ತಾರೀಖಿಗೆ ಬರುತ್ತಿದೆ, ಈಚೆಗೆ ತಡವಾಗಿದೆಯೋ? ನೇಮಕದ ಪತ್ರ ಕೊಟ್ಟಿದ್ದಾರೋ? ಪಿ.ಎಫ್. ಪ್ರತಿ ತಿಂಗಳು ಜಮಾ ಆಗುತ್ತಿದೆಯೋ, ಯುಎಎನ್ ನಂಬರ್ ಗೊತ್ತೋ? ಎಷ್ಟು ವರ್ಷ ಸರ್ವಿಸ್ ಆಯಿತು?

‘ನಾಕು ವರ್ಷ ಎಂಟು ತಿಂಗಳು’ ಎಂದಳು.

‘ಹಂಗಾದ್ರೆ ಐದು ತುಂಬೋವರೆಗೆ ನೀನಾಗೇ ರಾಜೀನಾಮೆ ಬರ್ಕೊಡಬೇಡ’ ಎಂದಳು ಅಮ್ಮ. ‘ಯಾವ ಕಾಗದಕ್ಕೂ ಓದದೆ ಸೈನ್ ಹಾಕ್ಬೇಡ. ಸಂಬಳದ ಚೀಟಿ ಎಲ್ಲ ಇಟ್ಕೊಂಡಿದೀಯಾ?’

ಹುಡುಗಿ ತಲೆಯಾಡಿಸಿದಳು. ಕೆಲವು ಇವೆ, ಕೆಲವು ಇಲ್ಲ.

ಅಮ್ಮ ಬೀರುವಿನ ಕೆಳಗಿನ ಖಾನೆ ಎಳೆದು ಪ್ಲಾಸ್ಟಿಕ್ ಕವರ್ ತೆಗೆದಳು. ಅದರಲ್ಲಿದ್ದ ರೇಷನ್ ಕಾರ್ಡು, ಅಂಕಪಟ್ಟಿ, ಅಪ್ಪನ ಕಾಗದ, ಕಾಲರ್ ಎಲ್ಲವನ್ನೂ ಮಂಚದ ಮೇಲಿಟ್ಟು, ಖಾಲಿ ಕವರನ್ನು ಅವಳ ಕೈಗೆ ಕೊಟ್ಟಳು. ‘ಇವತ್ತೇ ಮನೆಗೋಗಿ ಹುಡುಕಿ ಇದರಲ್ಲಿ ಹಾಕಿಡು. ನಾಳೆ ನನ್ನ ಮಗಳು ಫೋನಲ್ಲಿ ಪಿ.ಎಫ್. ನೋಡ್ಕೊಡ್ತಾಳೆ’ ಎಂದಳು.

ಮಾರನೇ ದಿನ ಹುಡುಗಿ ಬಂದಳು. ಕವರಿನಲ್ಲಿ ಮೂವತ್ತೊಂದು ಚೀಟಿಗಳಿದ್ದವು. ಇಬ್ಬರೂ ನೆಲದ ಮೇಲೆ ಕೂತು ತಿಂಗಳಿಗೊಂದರಂತೆ ಜೋಡಿಸತೊಡಗಿದೆವು.